ಸುದ್ದಿ ಹೇಳಬಾರದು, ಪ್ರಶ್ನೆ ಕೇಳಬಹುದು

(ಸಮುದಾಯ ಬಾನುಲಿ ಕೇಂದ್ರಗಳ ಕಾರ್ಯಕರ್ತರಿಗಾಗಿ ನಡೆದ ತರಬೇತಿ ಶಿಬಿರವೊಂದರಲ್ಲಿ ಮಾಡಿದ ಉಪನ್ಯಾಸದ ಪರಿಷ್ಕೃತ ಬರಹ ರೂಪ)

ಈ ಗೋಷ್ಠಿಗೆ ನನಗೆ ಕೊಟ್ಟಿರುವ ವಿಷಯ ‘ಸಮುದಾಯ ಬಾನುಲಿಯಲ್ಲಿ ಪ್ರಚಲಿತ ವಿದ್ಯಮಾನಗಳ ಸಂದರ್ಶನ’. ಆಹ್ವಾನ ಪತ್ರದಲ್ಲಿ ಇದನ್ನು ಓದಿದಾಗ ನನಗೆ ಸ್ವಲ್ಪ ನಗು ಬಂತು. ಸಮುದಾಯ ಬಾನುಲಿಗಾಗಿ, ಅಂದರೆ ಸ್ಥಳೀಯ ಸಂಸ್ಥೆಗಳು ತಮ್ಮ ಸುತ್ತಲಿನ ಜನರಿಗೆಂದು ನಡೆಸುವ ಪುಟ್ಟ ರೇಡಿಯೋ ಕೇಂದ್ರಗಳಿಗಾಗಿ, ಕೇಂದ್ರ ಸರ್ಕಾರ 2006ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ಅನುಮತಿ ಪಡೆದ ಸಂಸ್ಥೆಯು ಸುದ್ದಿ ಮತ್ತು ಪ್ರಚಲಿತ ವಿದ್ಯಮಾನಗಳಿಗೆ ಸಂಬಂಧಿಸಿದ, ರಾಜಕೀಯ ಸ್ವರೂಪದ ಕಾರ್ಯಕ್ರಮಗಳನ್ನು ಪ್ರಸಾರ ಮಾಡತಕ್ಕದ್ದಲ್ಲ ಎಂದು ಸ್ಪಷ್ಟವಾಗಿಯೇ ಬರೆದಿದೆ. ಅಕ್ಷರಶಃ ನೋಡಿದರೆ, ಮಾಡಬಾರದ ಕೆಲಸವೊಂದನ್ನು ಚೆನ್ನಾಗಿ ಮಾಡುವುದು ಹೇಗೆಂದು ಹೇಳಿಕೊಡಲು ನಾನಿಲ್ಲಿ ನಿಂತಿದ್ದೇನೆ. ಆದ್ದರಿಂದ ಮೊದಲು ಈ ತೊಡಕನ್ನು ಬಿಡಿಸಿಕೊಂಡು ಮುಂದಕ್ಕೆ ಹೋಗೋಣ.

ನಂತರದ ತಿದ್ದುಪಡಿಗಳು ಆ ನಿಯಮವನ್ನು ಸ್ವಲ್ಪ ಸಡಿಲಿಸಿವೆ. ಆಕಾಶವಾಣಿಯ ಸುದ್ದಿಯನ್ನು ಇದ್ದದ್ದು ಇದ್ದ ಹಾಗೆಯೇ ಮರುಪ್ರಸಾರ ಮಾಡಲು, ಅಥವಾ ಸ್ಥಳೀಯ ಭಾಷೆಗೆ ತಪ್ಪಿಲ್ಲದೆ ಅನುವಾದಿಸಿ ಓದಲು ಅವಕಾಶ ಸಿಕ್ಕಿದೆ. ಹವಾಮಾನ, ಸಂಚಾರ, ಜಾತ್ರೆ ಮತ್ತು ಹಬ್ಬ, ಪರೀಕ್ಷೆ ಮತ್ತು ಫಲಿತಾಂಶ, ಉದ್ಯೋಗಾವಕಾಶ, ವಿದ್ಯುತ್ತು ನೀರಿನಂಥ ನಾಗರಿಕ ಸೌಲಭ್ಯಗಳ ಪ್ರಕಟಣೆ, ಪ್ರಕೃತಿ ವಿಕೋಪ, ಆರೋಗ್ಯದ ಎಚ್ಚರಿಕೆ ಇವುಗಳನ್ನು ಸುದ್ದಿಯೆಂದು ಪರಿಗಣಿಸುವುದಿಲ್ಲ ಎಂಬ ಪಟ್ಟಿಯೂ ಬಂದಿದೆ. ಈ ಪಟ್ಟಿಯನ್ನು ಮನೆಗೆ ಹೋದ ಮೇಲೆ ನಿಧಾನವಾಗಿ ಓದಿ ನೋಡಿ. ಒಂದು ಹಳ್ಳಿಯ ದಿನನಿತ್ಯದ ತಾಪತ್ರಯಗಳಲ್ಲಿ ಮುಕ್ಕಾಲು ಪಾಲು ಅದರೊಳಗೇ ಇದೆ. ರಾತ್ರಿ ಎಷ್ಟು ಗಂಟೆಗೆ ತ್ರೀಫೇಸ್ ಕರೆಂಟು ಬರುತ್ತದೆ, ಸುಟ್ಟುಹೋದ ಟಿ.ಸಿ. (ಟ್ರಾನ್ಸ್‌ಫಾರ್ಮರ್) ಬದಲಾಗಲು ಎಷ್ಟು ದಿನ ಬೇಕು, ಹಾಸ್ಟೆಲ್ಲಿಗೆ ಅರ್ಜಿ ಹಾಕುವ ಕೊನೆಯ ದಿನಾಂಕ ಯಾವುದು, ಊರಿನಲ್ಲಿ ಡೆಂಗಿ ಜ್ವರ ಇದೆಯೋ ಇಲ್ಲವೋ ಎಂಬುದಕ್ಕಿಂತ ಹೆಚ್ಚು ಪ್ರಚಲಿತವಾದ ವಿದ್ಯಮಾನ ನಮ್ಮ ಕೇಳುಗರಿಗೆ ಬೇರೊಂದಿಲ್ಲ.

ಹಾಗೆಂದು ಈ ನಿಷೇಧವನ್ನು ನಾನು ಒಪ್ಪಿಕೊಂಡಿದ್ದೇನೆ ಎಂದು ಭಾವಿಸಬೇಡಿ. ಹಗಲೂ ರಾತ್ರಿ ಸುದ್ದಿ ಬಿತ್ತರಿಸುವ ವಾಹಿನಿಗಳು ಕೇಳುಗನ ಜೇಬಿನ ಮೊಬೈಲಿನಲ್ಲೇ ಇರುವ ಕಾಲದಲ್ಲಿ, 100 ವ್ಯಾಟ್ ಸಾಮರ್ಥ್ಯದ ಒಂದು ಪುಟ್ಟ ಪ್ರಸಾರಯಂತ್ರವು ಪಕ್ಕದ ಊರಿನ ಸುದ್ದಿ ಹೇಳಿದರೆ ದೇಶಕ್ಕೆ ಅಪಾಯವಾಗುತ್ತದೆ ಎಂಬ ವಾದ ನನಗೆ ಎಂದೂ ಅರ್ಥವಾಗಿಲ್ಲ. ಬಾನುಲಿಯ ಸುದ್ದಿಗೆ ಇರುವ ಈ ತಡೆಯನ್ನು ಪ್ರಶ್ನಿಸಿ ‘ಕಾಮನ್ ಕಾಸ್’ ಸಂಸ್ಥೆ 2013ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಅದಕ್ಕೂ ಹಿಂದೆ, 1995ರ ಫೆಬ್ರವರಿಯಲ್ಲಿ, ಅದೇ ನ್ಯಾಯಾಲಯ ತರಂಗಾಂತರಗಳು ಸಾರ್ವಜನಿಕ ಸೊತ್ತು ಎಂದು ಹೇಳಿತ್ತು. ಇಲ್ಲೊಂದು ತಮಾಷೆಯ ಸಂಗತಿಯಿದೆ. ಆ ಮೊಕದ್ದಮೆ ಹುಟ್ಟಿದ್ದು ಹಳ್ಳಿಯ ಬಾನುಲಿಗಾಗಿ ಅಲ್ಲವೇ ಅಲ್ಲ, 1993ರ ಹೀರೋ ಕಪ್ ಕ್ರಿಕೆಟ್ ಪಂದ್ಯಾವಳಿಯ ನೇರಪ್ರಸಾರದ ಹಕ್ಕು ಯಾರದ್ದು ಎಂಬ ಜಗಳದಿಂದ. ಬಂಗಾಳದ ಕ್ರಿಕೆಟ್ ಸಂಸ್ಥೆ ಮತ್ತು ವಾರ್ತಾ ಇಲಾಖೆ ಗುದ್ದಾಡಿಕೊಂಡದ್ದರ ಫಲವನ್ನು ನಾವು ಈವತ್ತು ಉಣ್ಣುತ್ತಿದ್ದೇವೆ. ಅದಾದ ಮರುವರ್ಷ, 1996ರಲ್ಲಿ, ಸಮುದಾಯ ಬಾನುಲಿಗೆ ಅವಕಾಶ ಬೇಕೆಂಬ ಘೋಷಣೆ ಹೊರಟದ್ದು ನಮ್ಮ ಬೆಂಗಳೂರಿನಿಂದಲೇ. ಕೋಲಾರ ಜಿಲ್ಲೆಯ ಬೂದಿಕೋಟೆಯ ‘ನಮ್ಮ ಧ್ವನಿ’ಯವರು ಪರವಾನಗಿಗಾಗಿ ಕಾಯುತ್ತ ಕೂರದೆ, 2000ದ ದಶಕದ ಆರಂಭದಲ್ಲಿಯೇ, ಟಿ.ವಿ. ಕೇಬಲ್ಲಿನ ತಂತಿಯ ಮೇಲೆ ತಮ್ಮ ಕಾರ್ಯಕ್ರಮಗಳನ್ನು ಮನೆಮನೆಗೆ ಹರಿಯಬಿಟ್ಟಿದ್ದರು. ಸರ್ಕಾರೇತರ ಸಂಸ್ಥೆಯೊಂದು ಪರವಾನಗಿ ಪಡೆದು ನಡೆಸಿದ ದೇಶದ ಮೊದಲ ಸಮುದಾಯ ಬಾನುಲಿ ಕೇಂದ್ರ ಶುರುವಾದದ್ದು 2008ರ ಅಕ್ಟೋಬರಿನಲ್ಲಿ, ನಮ್ಮ ಬೀದರಿಗೆ ಹತ್ತಿರದ ಜಹೀರಾಬಾದ್ ಸೀಮೆಯ ‘ಸಂಘಂ ರೇಡಿಯೋ’. ಅದನ್ನು ನಡೆಸಿದವರು ದಲಿತ ಹೆಣ್ಣುಮಕ್ಕಳು.

ಸುದ್ದಿಗೆ ತಡೆ ಬಿದ್ದಾಗ ಏನಾಗುತ್ತದೆ ಎಂಬುದಕ್ಕೆ ನೇಪಾಳದ ಕಡೆ ನೋಡಬೇಕು. ಕಠ್ಮಂಡುವಿನ ‘ರೇಡಿಯೋ ಸಗರ್‌ಮಾಥಾ’ 1997ರಲ್ಲಿ ಆರಂಭವಾಯಿತು. ದಕ್ಷಿಣ ಏಷ್ಯಾದಲ್ಲಿ ಸರ್ಕಾರದ ಹಿಡಿತವಿಲ್ಲದ ಸಮುದಾಯ ಬಾನುಲಿಗೆ ಅದೇ ಮೊದಲ ಮೆಟ್ಟಿಲು. ಅಲ್ಲಿ ಸಂದರ್ಶನ, ಚರ್ಚೆ, ಸುದ್ದಿ ಎಲ್ಲವೂ ನಡೆಯುತ್ತಿದ್ದವು. 2005ರ ಫೆಬ್ರವರಿ 1ರಂದು ದೊರೆ ಜ್ಞಾನೇಂದ್ರರು ಅಧಿಕಾರವನ್ನು ತಮ್ಮ ಕೈಗೆ ತೆಗೆದುಕೊಂಡಾಗ ಎಫ್.ಎಂ. ಕೇಂದ್ರಗಳಲ್ಲಿ ಸುದ್ದಿ ನಿಂತಿತು, ಕೇಂದ್ರಗಳೊಳಗೆ ಸೈನಿಕರು ಬಂದು ಕುಳಿತರು. ಬಾನುಲಿಯವರು ಸುಮ್ಮನಿರಲಿಲ್ಲ, ಸುದ್ದಿಯನ್ನು ಹಾಡಿ ಹೇಳಿದರು, ಬೀದಿಯಲ್ಲಿ ನಿಂತು ಓದಿದರು. ಅದೇ ವರ್ಷದ ನವೆಂಬರಿನಲ್ಲಿ ಮಾವೋವಾದಿ ನಾಯಕ ಪ್ರಚಂಡರ ಜೊತೆ ಬಿಬಿಸಿ ನೇಪಾಳಿ ವಿಭಾಗ ನಡೆಸಿದ್ದ ಸಂದರ್ಶನವೊಂದು ಮರುಪ್ರಸಾರವಾಗಬೇಕಿದ್ದ ಸಂಜೆ, ಪೊಲೀಸರು ಸಗರ್‌ಮಾಥಾದೊಳಗೆ ನುಗ್ಗಿ ಉಪಕರಣಗಳನ್ನು ಹೊತ್ತುಕೊಂಡು ಹೋದರು. ಅವರು ಹೆದರಿದ್ದು ಯಾವುದಕ್ಕೆ ಎಂಬುದನ್ನು ಗಮನಿಸಿ. ಸುದ್ದಿಯ ಒಂದು ಸಾಲಿಗಿಂತ ಒಬ್ಬ ಮನುಷ್ಯ ತನ್ನ ದನಿಯಲ್ಲೇ ಉತ್ತರ ಕೊಡುವುದನ್ನು ಜನ ಕೇಳಿಸಿಕೊಂಡುಬಿಟ್ಟಾರು ಎಂಬುದೇ ಅಧಿಕಾರದಲ್ಲಿರುವವರಿಗೆ ದೊಡ್ಡ ಭಯ. ಈ ಮಾತನ್ನು ನಮ್ಮ ಹಳ್ಳಿಯ ಅಳತೆಗೆ ಇಳಿಸಿಕೊಂಡು ನೋಡೋಣ.

ಸಮುದಾಯ ಬಾನುಲಿಯ ಗೋಪುರ 30 ಮೀಟರಿಗಿಂತ ಎತ್ತರವಿರುವಂತಿಲ್ಲ, ದನಿ ಹತ್ತು ಹದಿನೈದು ಕಿಲೋಮೀಟರಿನಾಚೆ ಕೇಳುವುದಿಲ್ಲ. ಇದನ್ನು ನಾವು ಕೊರತೆ ಎಂದು ಹೇಳಿಕೊಂಡು ಬಂದಿದ್ದೇವೆ. ಸಂದರ್ಶನದ ಮಟ್ಟಿಗೆ ಇದೇ ನಮ್ಮ ಸ್ವಭಾವವನ್ನು ನಿರ್ಧರಿಸುತ್ತದೆ. ರಾಜಧಾನಿಯ ವಾಹಿನಿಯ ನಿರೂಪಕ ಮಂತ್ರಿಯನ್ನು ಗದರಿಸಿ ಕೇಳಿ, ಕ್ಯಾಮೆರಾ ಆರಿಸಿ ಮನೆಗೆ ಹೋಗಬಹುದು. ನೀವು ಹಾಗೆ ಹೋಗಲಾರಿರಿ. ನೀವು ಬೆಳಿಗ್ಗೆ ಪ್ರಶ್ನಿಸಿದ ಪಂಚಾಯಿತಿ ಸದಸ್ಯ ಸಂಜೆ ಡೇರಿಯ ಮುಂದೆ ಹಾಲಿನ ಕ್ಯಾನು ಹಿಡಿದು ನಿಮ್ಮ ಹಿಂದೆಯೇ ಸಾಲಿನಲ್ಲಿ ನಿಂತಿರುತ್ತಾನೆ. ಅವನ ಉತ್ತರ ನಿಜವೋ ಸುಳ್ಳೋ ಎಂಬುದು ಕೇಳುಗನಿಗೆ ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ, ಏಕೆಂದರೆ ‘ಆಗಿದೆ’ ಎಂದು ಹೇಳಿದ ಚರಂಡಿ ಕೇಳುಗನ ಮನೆಯ ಮುಂದೆಯೇ ಇದೆ. ಈ ಹತ್ತಿರದ ಸಂಬಂಧ ನಮ್ಮ ನಾಲಗೆಯನ್ನು ಕಟ್ಟುತ್ತದೆ, ನಿಜ. ಆದರೆ ಸುಳ್ಳು ಹೇಳುವವನ ನಾಲಗೆಯನ್ನೂ ಅಷ್ಟೇ ಕಟ್ಟುತ್ತದೆ. ಸಂದರ್ಶಕನ ಜಾಣತನವೆಲ್ಲ ಈ ಎರಡನೆಯದನ್ನು ಬಳಸಿಕೊಳ್ಳುವುದರಲ್ಲಿದೆ.

ನಮ್ಮ ಕೇಂದ್ರದ ಒಂದು ಅನುಭವವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಊರಿನ ಹೆಸರು ಬೇಡ. ಬೇಸಿಗೆಯಲ್ಲಿ ಒಂದು ಊರಿನ ಮೇಲಿನ ಬೀದಿಗೆ ನೀರು ಬರುತ್ತಿರಲಿಲ್ಲ. ಕೇಳುಗರು ಕರೆ ಮಾಡಿ ಮಾಡಿ ಹೇಳಿದ ಮೇಲೆ ನಾವು ಪಂಚಾಯಿತಿಯ ಪಿಡಿಒ (ಅಭಿವೃದ್ಧಿ ಅಧಿಕಾರಿ) ಅವರನ್ನು ಸ್ಟುಡಿಯೋಕ್ಕೆ ಕರೆದು, ‘ನೀರಿನ ಸಮಸ್ಯೆಗೆ ಪಂಚಾಯಿತಿ ಏನು ಕ್ರಮ ಕೈಗೊಂಡಿದೆ?’ ಎಂದು ಕೇಳಿದೆವು. ಅವರು ಇಪ್ಪತ್ತು ನಿಮಿಷ ಮಾತನಾಡಿದರು. ಕ್ರಿಯಾ ಯೋಜನೆ ತಯಾರಾಗಿದೆ, ಅನುಮೋದನೆಯ ಹಂತದಲ್ಲಿದೆ, ಮೇಲಧಿಕಾರಿಗಳ ಗಮನಕ್ಕೆ ತರಲಾಗಿದೆ, ಸಾರ್ವಜನಿಕರು ನೀರನ್ನು ಮಿತವಾಗಿ ಬಳಸಬೇಕು. ಯಾವ ಮಾತೂ ಸುಳ್ಳಲ್ಲ. ಯಾವ ಮಾತಿನಿಂದಲೂ ಒಂದು ಕೊಡ ತುಂಬಲಿಲ್ಲ. ಪ್ರಸಾರವಾದ ಮರುದಿನ ಆ ಬೀದಿಯ ಹೆಂಗಸೊಬ್ಬರು ಕೇಂದ್ರಕ್ಕೆ ಫೋನ್ ಮಾಡಿ, ‘ಅವರ ಹತ್ರ ಅವರ ಭಾಷೇಲಿ ಕೇಳಿದ್ರಿ, ಅವರ ಭಾಷೇಲೇ ಹೇಳಿದ್ರು, ನಮಗೇನು ಬಂತು?’ ಎಂದು ಕೇಳಿದರು. ನನ್ನ ವೃತ್ತಿಯಲ್ಲಿ ನನಗೆ ಸಿಕ್ಕಿರುವ ಅತ್ಯಂತ ಖಾರವಾದ ವಿಮರ್ಶೆ ಅದು, ಅತ್ಯಂತ ನ್ಯಾಯವಾದದ್ದೂ ಹೌದು.

ಎರಡನೆಯ ಸಲ ನಾವು ಬೇರೆ ದಾರಿ ಹಿಡಿದೆವು. ಬೆಳಗಿನ ಐದು ಗಂಟೆಗೆ ರೆಕಾರ್ಡರ್ ಹಿಡಿದುಕೊಂಡು, ಊರಿಗೆ ನೀರು ಬಿಡುವ ನೀರುಗಂಟಿಯ ಜೊತೆ ಹೊರಟೆವು. ಯಾವ ವಾಲ್ವನ್ನು ಮೊದಲು ತಿರುಗಿಸುತ್ತೀರಿ, ಟ್ಯಾಂಕು ತುಂಬಲು ಎಷ್ಟು ಹೊತ್ತು ಬೇಕು, ಮೋಟಾರು ಎರಡಿದ್ದವಲ್ಲ, ಇನ್ನೊಂದು ಎಲ್ಲಿ? ಅವರು ಹೇಳಿದ್ದು ಇಷ್ಟು: ಒಂದು ಮೋಟಾರು ಸುಟ್ಟುಹೋಗಿ ವೈಂಡಿಂಗಿಗೆ ಹೋಗಿದೆ, ಉಳಿದ ಒಂದರಲ್ಲಿ ಟ್ಯಾಂಕು ಅರ್ಧವೇ ತುಂಬುತ್ತದೆ, ಅರ್ಧ ಟ್ಯಾಂಕಿನ ಒತ್ತಡಕ್ಕೆ ನೀರು ಮೇಲಿನ ಬೀದಿ ಏರುವುದಿಲ್ಲ. ಇದರಲ್ಲಿ ಯಾವ ಆರೋಪವೂ ಇಲ್ಲ, ಅಭಿಪ್ರಾಯವೂ ಇಲ್ಲ. ಒಬ್ಬ ಮನುಷ್ಯ ತನ್ನ ಕೆಲಸವನ್ನು ವಿವರಿಸಿದ್ದಾನೆ, ಅಷ್ಟೆ. ಆ ಧ್ವನಿಮುದ್ರಿಕೆಯನ್ನು ಪಿಡಿಒ ಅವರಿಗೆ ಕೇಳಿಸಿ, ‘ಸರ್, ಮೋಟಾರು ಯಾವತ್ತು ವಾಪಸು ಬರುತ್ತೆ?’ ಎಂದು ಒಂದೇ ಪ್ರಶ್ನೆ ಕೇಳಿದೆವು. ಈ ಪ್ರಶ್ನೆಗೆ ಕ್ರಿಯಾ ಯೋಜನೆಯ ಉತ್ತರ ಹೊಂದುವುದಿಲ್ಲ. ವೈಂಡಿಂಗ್ ಅಂಗಡಿಯ ಹಳೆಯ ಬಿಲ್ಲು ಬಾಕಿಯಿದೆ, ಅದಕ್ಕಾಗಿ ಅವನು ಮೋಟಾರು ಕೊಡುತ್ತಿಲ್ಲ ಎಂದು ಅವರು ಮೊದಲ ಬಾರಿಗೆ ಬಾಯಿಬಿಟ್ಟು ಹೇಳಿದರು. ಅವರು ಕೆಟ್ಟ ಅಧಿಕಾರಿಯಾಗಿರಲಿಲ್ಲ. ಮೊದಲ ಸಲ ನಾವು ಕೇಳಿದ್ದೇ ಕೆಟ್ಟ ಪ್ರಶ್ನೆಯಾಗಿತ್ತು.

ಇಲ್ಲಿ ನಾವು ಒಂದು ಎಚ್ಚರ ವಹಿಸಿದ್ದೆವು. ನೀರುಗಂಟಿಯನ್ನು ‘ಯಾಕೆ ಹೀಗಾಯಿತು, ಯಾರ ತಪ್ಪು?’ ಎಂದು ಕೇಳಲೇ ಇಲ್ಲ. ಅವರ ಕೆಲಸ ಕಾಯಂ ಅಲ್ಲ, ಸಂಬಳ ಪಂಚಾಯಿತಿಯಿಂದಲೇ ಬರಬೇಕು. ಪತ್ರಿಕೆಯವರು ಇಂಥವರ ಹೆಸರನ್ನು ಮುಚ್ಚಿಟ್ಟು ಅವರನ್ನು ಕಾಪಾಡುತ್ತಾರೆ. ಬಾನುಲಿಯಲ್ಲಿ ಅದು ಸಾಧ್ಯವಿಲ್ಲ. ಹತ್ತು ಕಿಲೋಮೀಟರಿನ ಸೀಮೆಯೊಳಗೆ ಹೆಸರು ಮುಚ್ಚಿಟ್ಟರೂ ದನಿ ಮುಚ್ಚಿಡಲು ಬರುವುದಿಲ್ಲ. ಕೆಮ್ಮಿದರೆ ಸಾಕು, ಇಂಥವರ ಮಗ ಎಂದು ಊರು ಗುರುತಿಸುತ್ತದೆ. ಆದ್ದರಿಂದ ಯಾರನ್ನು ‘ಏನು’ ಎಂದು ಕೇಳಬೇಕು, ಯಾರನ್ನು ‘ಏಕೆ’ ಎಂದು ಕೇಳಬೇಕು ಎಂಬುದನ್ನು ಮೊದಲೇ ವಿಂಗಡಿಸಿಕೊಳ್ಳಿ. ‘ಏಕೆ’ ಎಂಬುದನ್ನು ಸಹಿ ಹಾಕುವ ಅಧಿಕಾರ ಇರುವವರಿಗೆ ಮಾತ್ರ ಕೇಳಿ.

ಸಂಬೋಧನೆಯ ಪ್ರಶ್ನೆ ಇಲ್ಲಿರುವ ಕಿರಿಯರಿಗೆ ಹೆಚ್ಚು ಕಾಡುತ್ತದೆ. ನಮ್ಮಲ್ಲಿ ಹತ್ತೊಂಬತ್ತು ವರ್ಷದ ಹುಡುಗಿಯೊಬ್ಬಳು ಸ್ವಯಂಸೇವಕಿಯಾಗಿದ್ದಳು. ಅವಳು ಸಂದರ್ಶಿಸಬೇಕಾಗಿದ್ದ ಪಂಚಾಯಿತಿ ಅಧ್ಯಕ್ಷರನ್ನು ಮನೆಯಲ್ಲಿ ‘ದೊಡ್ಡಪ್ಪ’ ಎಂದು ಕರೆಯುವ ರೂಢಿ. ಮೈಕಿನ ಮುಂದೆ ‘ಅಧ್ಯಕ್ಷರೇ’ ಎಂದರೆ ಅವರಿಗೇ ನಗು ಬರುತ್ತಿತ್ತು, ‘ದೊಡ್ಡಪ್ಪ’ ಎಂದರೆ ಕೇಳುಗರಿಗೆ ಅನುಮಾನ ಬರುತ್ತಿತ್ತು. ಕೊನೆಗೆ ಅವಳೇ ಒಂದು ಪರಿಹಾರ ಕಂಡುಕೊಂಡಳು. ಕಾರ್ಯಕ್ರಮದ ಆರಂಭದಲ್ಲಿಯೇ, ‘ಇವರು ನನಗೆ ದೊಡ್ಡಪ್ಪನಾಗಬೇಕು, ಆದರೆ ಈ ಅರ್ಧ ಗಂಟೆ ನಾನು ಇವರನ್ನು ಅಧ್ಯಕ್ಷರೇ ಎಂದು ಕರೆಯುತ್ತೇನೆ’ ಎಂದು ಕೇಳುಗರಿಗೆ ಹೇಳಿಬಿಟ್ಟಳು. ನಂಟನ್ನು ಮುಚ್ಚಿಡದೆ ಬಿಚ್ಚಿಟ್ಟದ್ದರಿಂದ ಅವಳ ಪ್ರಶ್ನೆಗಳಿಗೆ ಬಲ ಬಂತು. ಅಧ್ಯಕ್ಷರೂ ನೆಟ್ಟಗೆ ಕುಳಿತು ಉತ್ತರ ಹೇಳಿದರು. ದೊಡ್ಡ ಪತ್ರಿಕಾಲಯಗಳಲ್ಲಿ ಇದನ್ನು ಹಿತಾಸಕ್ತಿಯ ಘೋಷಣೆ ಎಂದೇನೋ ಕರೆಯುತ್ತಾರೆ. ಅವಳು ಅದನ್ನು ಯಾವ ಪಠ್ಯದಿಂದಲೂ ಕಲಿತಿರಲಿಲ್ಲ.

ಅಧ್ಯಕ್ಷೆಯರ ಸಂದರ್ಶನದ ಕಷ್ಟ ಬೇರೆಯದು. ಕರ್ನಾಟಕದ ಪಂಚಾಯಿತಿಗಳಲ್ಲಿ 2010ರ ತಿದ್ದುಪಡಿಯ ನಂತರ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿವೆ. ಆದರೂ ಅಧ್ಯಕ್ಷೆಯನ್ನು ಸ್ಟುಡಿಯೋಕ್ಕೆ ಕರೆದರೆ ಜೊತೆಯಲ್ಲಿ ಅವರ ಯಜಮಾನರು ಬರುತ್ತಾರೆ, ಪ್ರಶ್ನೆ ಇವರಿಗೆ, ಉತ್ತರ ಅವರಿಂದ. ನಾವು ಜಗಳ ಕಾಯಲಿಲ್ಲ. ಸ್ಟುಡಿಯೋದಲ್ಲಿ ಎರಡೇ ಕುರ್ಚಿ ಇಟ್ಟು, ಹೊರಗಿನ ಕೋಣೆಯಲ್ಲಿ ಅವರಿಗೆ ಕಾಫಿ ಕೊಟ್ಟು, ಒಳಗೆ ಸದ್ದಾಗಬಾರದೆಂದು ಬಾಗಿಲು ಹಾಕಿಕೊಂಡೆವು. ಮೊದಲ ಐದು ನಿಮಿಷ ಅಧ್ಯಕ್ಷೆ ಬಾಗಿಲ ಕಡೆಗೇ ನೋಡುತ್ತಿದ್ದರು. ಅಂಗನವಾಡಿಯ ವಿಷಯ ಬಂದಾಗ ನೋಡುವುದನ್ನು ಬಿಟ್ಟರು, ಏಕೆಂದರೆ ಆ ಕಟ್ಟಡದ ಸೂರು ಸೋರುವ ಜಾಗ ಯಾವುದು, ಅಡುಗೆ ಎಲ್ಲಿ ಮಾಡುತ್ತಾರೆ, ಮಳೆಗಾಲದಲ್ಲಿ ಮಕ್ಕಳನ್ನು ಎಲ್ಲಿ ಕೂರಿಸುತ್ತಾರೆ ಎಂಬುದೆಲ್ಲ ಅವರು ಕಣ್ಣಾರೆ ಕಂಡದ್ದಾಗಿತ್ತು. ಬಜೆಟ್ಟಿನಿಂದ ಶುರು ಮಾಡಿದ್ದರೆ ಅವರು ಕೊನೆಯವರೆಗೂ ಬಾಗಿಲನ್ನೇ ನೋಡುತ್ತಿದ್ದರು.

ದೂರದ ಸುದ್ದಿಯನ್ನು ಹತ್ತಿರಕ್ಕೆ ತರುವುದು ಹೇಗೆ ಎಂದು ನೀವು ಬೆಳಿಗ್ಗೆ ಕೇಳಿದಿರಿ. 2023ರ ಜುಲೈ ತಿಂಗಳನ್ನು ನೆನಪಿಸಿಕೊಳ್ಳಿ. ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋ ಟೊಮೆಟೊ ಬಾಕ್ಸಿಗೆ 2,000 ರೂಪಾಯಿ ದಾಟಿತ್ತು. ಟಿ.ವಿ.ಯವರು ನಗರದ ತರಕಾರಿ ಅಂಗಡಿಯ ಮುಂದೆ ನಿಂತು ಗ್ರಾಹಕರ ಗೋಳು ಕೇಳಿದರು, ಒಂದೇ ಫಸಲಿನಲ್ಲಿ ಲಕ್ಷ ಲಕ್ಷ ಎಣಿಸಿದ ಒಬ್ಬಿಬ್ಬರು ರೈತರನ್ನು ಹುಡುಕಿ ತೋರಿಸಿದರು. ನಮ್ಮಂಥ ಕೇಂದ್ರ ಮಾತನಾಡಿಸಬೇಕಾದವರು, ಗಿಡ ಹಾಕಿಯೂ ಬೆಳೆ ಕೈಗೆ ಸಿಗದವರು. ಬಿಳಿನೊಣದಿಂದ ಹರಡುವ ಎಲೆ ಮುದುಡು ರೋಗ ಆ ವರ್ಷ ಆ ಸೀಮೆಯ ಎಷ್ಟೋ ತೋಟಗಳನ್ನು ಹಾಳು ಮಾಡಿತ್ತು. ಮಾಲು ಕಡಿಮೆಯಾದ ಕಾರಣಗಳಲ್ಲಿ ಅದೂ ಒಂದು. ‘ಬೆಲೆ ಇದ್ದಾಗ ನಿಮ್ಮಲ್ಲಿ ಹಣ್ಣಿರಲಿಲ್ಲ, ಈಗ ಏನು ಹಾಕಿದ್ದೀರಿ?’ ಎಂದು ಕೇಳಿ. ನರ್ಸರಿಯಿಂದ ಯಾವ ತಳಿ ತಂದರು, ಔಷಧಿ ಎಷ್ಟು ಸಲ ಹೊಡೆದರು, ಮುಂದಿನ ಸಲಕ್ಕೆ ಸಾಲ ಯಾರಲ್ಲಿ ಹೇಳಿದರು ಎಂಬುದೆಲ್ಲ ಆ ಉತ್ತರದ ಹಿಂದೆಯೇ ಬರುತ್ತದೆ. ಬೆಲೆ ಕಂಡು ಎಲ್ಲರೂ ಟೊಮೆಟೊವನ್ನೇ ನಾಟಿ ಮಾಡುತ್ತಿರುವ ಊರಿನಲ್ಲಿ, ಎರಡು ತಿಂಗಳ ನಂತರದ ಮಾರುಕಟ್ಟೆಯ ಸ್ಥಿತಿಯನ್ನು ಕೇಳುಗ ತಾನೇ ಲೆಕ್ಕ ಹಾಕಿಕೊಳ್ಳುತ್ತಾನೆ.

ಇನ್ನು, ‘ಕೊನೆಯದಾಗಿ ನಮ್ಮ ಕೇಳುಗರಿಗೆ ನಿಮ್ಮ ಸಂದೇಶವೇನು?’ ಎಂಬ ಪ್ರಶ್ನೆ. ನಮ್ಮ ಕೇಂದ್ರದಲ್ಲಿ ಇದನ್ನು ನಾನು ನಿಷೇಧಿಸಿದ್ದೇನೆ. ಸರ್ಕಾರದ ನಿಷೇಧವನ್ನು ವಿರೋಧಿಸುವವನು ಮಾಡಿರುವ ಏಕೈಕ ನಿಷೇಧ ಇದು. ಅದುವರೆಗೆ ಮನುಷ್ಯರಂತೆ ಮಾತನಾಡುತ್ತಿದ್ದವರು ಈ ಪ್ರಶ್ನೆ ಕಿವಿಗೆ ಬಿದ್ದೊಡನೆ ಎದ್ದು ನಿಂತು ಭಾಷಣ ಮಾಡತೊಡಗುತ್ತಾರೆ.

ಹಣದ ಮಾತನ್ನು ಚುಟುಕಾಗಿ ಹೇಳಿ ಮುಗಿಸುತ್ತೇನೆ. ಗಂಟೆಗೆ 12 ನಿಮಿಷ ಜಾಹೀರಾತು ಹಾಕಲು 2024ರ ಮಾರ್ಗಸೂಚಿ ಅವಕಾಶ ಕೊಟ್ಟಿದೆ. ನಮ್ಮಲ್ಲಿ ಬಹುಪಾಲು ಕೇಂದ್ರಗಳಿಗೆ ಬರುವುದು ಸರ್ಕಾರಿ ಇಲಾಖೆಗಳ ಜಾಹೀರಾತೇ. ಇಲಾಖೆಯೊಂದು ದುಡ್ಡು ಕೊಟ್ಟು ತನ್ನ ಅಧಿಕಾರಿಯ ಮಾತನ್ನು ಪ್ರಸಾರ ಮಾಡಿಸಿದರೆ ಅದನ್ನು ಪ್ರಾಯೋಜಿತ ಕಾರ್ಯಕ್ರಮ ಎಂದು ಹೇಳಿಯೇ ಹಾಕಿ, ಸಂದರ್ಶನ ಎಂದು ಕರೆಯಬೇಡಿ. ಅದೇ ಅಧಿಕಾರಿಯನ್ನು ನೀವು ಪ್ರಶ್ನಿಸುವ ದಿನ ಆ ಇಲಾಖೆಯ ಜಾಹೀರಾತನ್ನು ಆ ಅರ್ಧ ಗಂಟೆಯ ಆಸುಪಾಸಿನಲ್ಲಿ ಇಡಬೇಡಿ. ಪಂಚಾಯಿತಿ ಚುನಾವಣೆ ಘೋಷಣೆಯಾದ ಮೇಲೆ ನಾವು ಸ್ಪರ್ಧಿಗಳ ದನಿಯನ್ನು ಪೂರ್ತಿ ನಿಲ್ಲಿಸುತ್ತೇವೆ. ಹಳೆಯ ಜಾನಪದ ಗೀತೆಯ ಮುದ್ರಿಕೆಯಲ್ಲಿ ಸ್ಪರ್ಧಿಯೊಬ್ಬರು ತಾಳ ಹಾಕಿದ್ದರೂ ಆ ಹಾಡು ಫಲಿತಾಂಶದ ಮರುದಿನದವರೆಗೆ ಕಾಯಬೇಕು.

ಇನ್ನು ಸಂಕಲನ. ವೃದ್ಧಾಪ್ಯ ವೇತನ ಹಲವು ತಿಂಗಳಿಂದ ನಿಂತುಹೋಗಿದ್ದ ಅಜ್ಜಿಯೊಬ್ಬರನ್ನು ನಾವು ಅವರ ಜಗಲಿಯಲ್ಲಿಯೇ ಮಾತನಾಡಿಸಿದ್ದೆವು. ಆಧಾರ್ ಜೋಡಣೆಯ ಏನೋ ತೊಡಕು. ಅವರು ನಾಲ್ಕಾರು ಸಲ ಕಚೇರಿಗೆ ಅಲೆದಿದ್ದರು. ‘ಹಾಗಾದರೆ ಇಷ್ಟು ತಿಂಗಳು ಹೇಗೆ ಜೀವನ ಮಾಡಿದಿರಿ ಅಜ್ಜಿ?’ ಎಂದು ನಮ್ಮ ಹುಡುಗ ಕೇಳಿದ. ಅಜ್ಜಿ ಸುಮ್ಮನಾದರು. ಮುದ್ರಿಕೆಯಲ್ಲಿ ಎಂಟೊಂಬತ್ತು ಸೆಕೆಂಡು ಬರೀ ಕೋಳಿಯ ಸದ್ದು, ದೂರದಲ್ಲೊಂದು ಮೋಟಾರ್ ಸೈಕಲ್ಲು. ಆಮೇಲೆ, ‘ನಡೀತು ಕಣಪ್ಪ’ ಎಂದರು. ಸಂಕಲನ ಮಾಡುವಾಗ ನಾನೇ ಆ ಮೌನವನ್ನು ಕತ್ತರಿಸಿದೆ. ಬಾನುಲಿಯಲ್ಲಿ ಖಾಲಿ ಜಾಗ ಇರಬಾರದೆಂದು ನನಗೆ ಕಲಿಸಿದ್ದರು. ಪ್ರಸಾರದಲ್ಲಿ ಪ್ರಶ್ನೆಯ ಬೆನ್ನಿಗೇ ‘ನಡೀತು ಕಣಪ್ಪ’ ಎಂದು ಕೇಳಿಸಿತು. ಮೂರು ದಿನ ಬಿಟ್ಟು ಅಜ್ಜಿಯ ನೆರೆಮನೆಯವರೊಬ್ಬರು ಸಂತೆಯಲ್ಲಿ ಸಿಕ್ಕಿ, ‘ರೇಡಿಯೋದಲ್ಲಿ ಕೇಳ್ದೆ. ಅವಳು ಅಷ್ಟು ಬೇಗ ಹಂಗೆ ಹೇಳಿರಲ್ಲ ಬಿಡಿ’ ಎಂದರು.

ಪ್ರಸಾರವಾದ ಕಾರ್ಯಕ್ರಮಗಳ ಧ್ವನಿಮುದ್ರಿಕೆಯನ್ನು ಮೂರು ತಿಂಗಳು ಇಟ್ಟುಕೊಳ್ಳಬೇಕೆಂಬುದು ನಿಯಮ. ಕತ್ತರಿಸದ ಮೂಲ ಮುದ್ರಿಕೆಯನ್ನೂ ನಾವು ಇಟ್ಟುಕೊಂಡಿದ್ದೆವು. ಮುಂದಿನ ವಾರ ಆ ಮೌನವನ್ನು ಅದರ ಜಾಗದಲ್ಲಿಯೇ ಕೂರಿಸಿ, ಹಿಂದಿನ ಸಲ ಏನು ಕತ್ತರಿಸಿದ್ದೆವೆಂದು ಕೇಳುಗರಿಗೆ ತಿಳಿಸಿ, ಮತ್ತೊಮ್ಮೆ ಪ್ರಸಾರ ಮಾಡಿದೆವು. ಎರಡೂ ಮುದ್ರಿಕೆಗಳನ್ನು ತಂದಿದ್ದೇನೆ. ಊಟವಾದ ಮೇಲೆ ಮೊದಲು ಕತ್ತರಿಸಿದ್ದನ್ನು, ಅನಂತರ ಪೂರ್ತಿಯಾದದ್ದನ್ನು ಕೇಳಿಸುತ್ತೇನೆ. ಕೇಳುವಾಗ ಕೈಯಲ್ಲಿ ಪೆನ್ನು ಹಿಡಿದಿರಿ, ಅಜ್ಜಿ ಸುಮ್ಮನಾದ ಕಡೆ ನೀವಿದ್ದಿದ್ದರೆ ಮುಂದಿನ ಪ್ರಶ್ನೆ ಕೇಳುತ್ತಿದ್ದಿರೋ, ಕಾಯುತ್ತಿದ್ದಿರೋ ಎಂದು ಬರೆದುಕೊಳ್ಳಿ.